ಎದುರಿಗಿದ್ದವರು ಮಾತಾಡುವಾಗ ನಟನನ್ನು ನೋಡಿ

ಪ್ರಶ್ನೆ: ನಾನು ಗದಗಿನಲ್ಲಿ ಕಾಲೇಜು ಓದುತ್ತಿದ್ದೇನೆ. ಪ್ರತಿ ವರ್ಷ ಜನವರಿಯಿಂದ ಮಾರ್ಚ್‌ವರೆಗೆ ಗೋಲ್ಡನ್ ಗ್ಲೋಬ್, ಬಾಫ್ಟಾ, ಆಸ್ಕರ್ ಎಂದು ಪ್ರಶಸ್ತಿಗಳ ಸುದ್ದಿ ಬಂದಾಗ ನಮ್ಮ ಮನೆಯಲ್ಲಿ ವಾದ ಶುರುವಾಗುತ್ತದೆ. ನಿಜವಾಗಿ ಬದುಕಿದ್ದವರ ಪಾತ್ರ ಮಾಡಿದ ನಟರಿಗೇ ಪ್ರಶಸ್ತಿ ಜಾಸ್ತಿ ಸಿಗುತ್ತದೆ. ಅಪ್ಪ ಕಂಪನಿ ನಾಟಕಗಳ ಹುಚ್ಚಿನಲ್ಲಿ ಬೆಳೆದವರು. ‘ಅದು ನಕಲು, ನಟನೆ ಅಲ್ಲ. ಪ್ರಶಸ್ತಿ ಮೇಕಪ್ ಮಾಡಿದವನಿಗೆ ಕೊಡಲಿ’ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆದರೆ ಯಾಕೆ ಅಂತ ಹೇಳಲು ಬರುವುದಿಲ್ಲ. ಇಂಥ ಸಿನಿಮಾಗಳಲ್ಲಿ ಒಳ್ಳೆಯ ನಟನೆಯನ್ನು ಗುರುತಿಸುವುದು ಹೇಗೆ? ಇನ್ನೊಂದು ವಿಷಯ. ಈ ಸಲ ನಮ್ಮ ಗ್ಯಾದರಿಂಗ್ ನಾಟಕದಲ್ಲಿ ಪಂಚಾಕ್ಷರ ಗವಾಯಿಗಳ ಪಾತ್ರ ನನಗೆ ಬಂದಿದೆ. ತಯಾರಿ ಹೇಗೆ ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಧಾರವಾಡದಲ್ಲಿ ಮೂವತ್ತು ವರ್ಷದಿಂದ ಹವ್ಯಾಸಿ ತಂಡಗಳಿಗೆ ನಾಟಕ ಮಾಡಿಸುತ್ತಿದ್ದೇನೆ. ನಿಮ್ಮ ಮನೆಯ ವಾದವನ್ನು ನಮ್ಮ ತಾಲೀಮಿನ ಕೋಣೆಯಲ್ಲೂ ಎಷ್ಟೋ ಸಲ ಕೇಳಿದ್ದೇನೆ.

ಮೊದಲು ಅಪ್ಪನ ಪರವಾಗಿ ಒಂದು ಮಾತು. ಅವರ ಲೆಕ್ಕ ಸುಳ್ಳಲ್ಲ. 2015ರಿಂದ 2025ರವರೆಗಿನ ಹನ್ನೊಂದು ಆಸ್ಕರ್ ಸಮಾರಂಭಗಳನ್ನೇ ನೋಡಿ. ಶ್ರೇಷ್ಠ ನಟ ಪ್ರಶಸ್ತಿ ಐದು ಸಲ ನಿಜವಾದ ವ್ಯಕ್ತಿಯ ಪಾತ್ರಕ್ಕೆ ಹೋಗಿದೆ. ಸ್ಟೀಫನ್ ಹಾಕಿಂಗ್ ಆಗಿ ಎಡ್ಡಿ ರೆಡ್‌ಮೇನ್, ಚರ್ಚಿಲ್ ಆಗಿ ಗ್ಯಾರಿ ಓಲ್ಡ್‌ಮನ್, ಗಾಯಕ ಫ್ರೆಡ್ಡಿ ಮರ್ಕ್ಯುರಿಯಾಗಿ ರಾಮಿ ಮಲೆಕ್, ಟೆನಿಸ್ ಆಟಗಾರ್ತಿಯರಾದ ವಿಲಿಯಮ್ಸ್ ಸೋದರಿಯರ ತಂದೆಯಾಗಿ ವಿಲ್ ಸ್ಮಿತ್, ಅಣುಬಾಂಬಿನ ವಿಜ್ಞಾನಿ ಓಪನ್‌ಹೈಮರ್ ಆಗಿ ಕಿಲಿಯನ್ ಮರ್ಫಿ. ಕರಡಿಯ ಬಾಯಿಂದ ಬದುಕಿ ಬಂದ ಬೇಟೆಗಾರ ಹ್ಯೂ ಗ್ಲಾಸ್‌ನ ಕಥೆಯನ್ನು ಆಧರಿಸಿದ ಡಿಕಾಪ್ರಿಯೊ ಪಾತ್ರವನ್ನೂ ಸೇರಿಸಿದರೆ ಆರು. ಅರ್ಧಕ್ಕಿಂತ ಜಾಸ್ತಿ ಆಯಿತಲ್ಲ.

ಇದಕ್ಕೆ ಕಾರಣ ಸರಳ. ಕಟ್ಟುಕಥೆಯ ಪಾತ್ರವನ್ನು ಅಳೆಯಲು ಪಕ್ಕದಲ್ಲಿ ಏನೂ ಇರುವುದಿಲ್ಲ. ಚರ್ಚಿಲ್‌ನ ಫೋಟೋ ಇದೆ, ಧ್ವನಿ ಇದೆ. ಎರಡನ್ನೂ ಅಕ್ಕಪಕ್ಕ ಇಟ್ಟು ‘ಅಬ್ಬಾ, ಹೇಗೆ ಬದಲಾಗಿದ್ದಾನೆ ನೋಡು’ ಎನ್ನಬಹುದು. ಓಲ್ಡ್‌ಮನ್‌ಗೆ ದಿನಾ ಮೂರು ಗಂಟೆಗೂ ಹೆಚ್ಚು ಹೊತ್ತು ಮೇಕಪ್ ಆಗುತ್ತಿತ್ತು. ಸಿನಿಮಾ ಬಿಟ್ಟು ಶಿಲ್ಪದ ಕಡೆ ಹೋಗಿದ್ದ ಮೇಕಪ್ ಕಲಾವಿದ ಕಜುಹಿರೊ ತ್ಸುಜಿ ಅವರನ್ನು ಓಲ್ಡ್‌ಮನ್ ಅವರೇ ಒಪ್ಪಿಸಿ ಕರೆತಂದಿದ್ದರು. ಇಂಥ ಶ್ರಮ ಕಣ್ಣಿಗೆ ಕಾಣುತ್ತದೆ. ಮತ ಹಾಕುವವರಿಗೂ ಕಾಣುತ್ತದೆ. ಒಂದು ಮಾತು ಅಪ್ಪನಿಗೆ ಹೇಳಿ. ಆ ವರ್ಷ ಮೇಕಪ್ಪಿನ ಆಸ್ಕರ್ ಕೂಡ ಅದೇ ಸಿನಿಮಾಕ್ಕೆ ಬಂತು. ಅಂದರೆ ಬಣ್ಣ ಹಚ್ಚಿದವರ ಪಾಲು ಅವರಿಗೆ ಬೇರೆಯೇ ಸಿಕ್ಕಿದೆ. ಹಾಗಾದರೆ ನಟನ ಪಾಲು ಯಾವುದು? ನಿಮ್ಮ ಪ್ರಶ್ನೆ ಇರುವುದು ಇಲ್ಲೇ.

ಅದಕ್ಕೆ ಉತ್ತರ ನನಗೆ ಸಿಕ್ಕಿದ್ದು ಪುಸ್ತಕದಿಂದಲ್ಲ. ತುಂಬಾ ವರ್ಷಗಳ ಹಿಂದೆ, ತೀರಿಕೊಂಡಿದ್ದ ಒಬ್ಬ ಹಿರಿಯ ಸಂಗೀತಗಾರರ ಬದುಕಿನ ಮೇಲೆ ನಾಟಕ ಮಾಡಿಸಿದ್ದೆ. ನಟ ಬಹಳ ಶ್ರದ್ಧೆಯ ಹುಡುಗ. ಅವರ ಕೆಮ್ಮು ಕಲಿತ. ಎಲೆಗೆ ಸುಣ್ಣ ಸವರುವ ರೀತಿ ಕಲಿತ. ಮನೆಯವರನ್ನು ಕೇಳಿ ಅವರದ್ದೇ ಶಾಲು ತಂದಿದ್ದೆವು. ಪ್ರದರ್ಶನಕ್ಕೆ ಅವರ ಮಗಳು ಬಂದಿದ್ದರು. ನಾಟಕ ಮುಗಿದ ಮೇಲೆ ಒಳಗೆ ಬಂದರು. ಆ ಶಾಲನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡು ನಿಂತರು. ಬೇಜಾರಿನಿಂದಲ್ಲ, ಮೆತ್ತಗೆ ಹೇಳಿದರು: ‘ಶಾಲು ನಮ್ಮಪ್ಪಂದ ಐತ್ರಿ. ಕೆಮ್ಮೂ ಅವರದ ಐತಿ. ಆದ್ರ ನಮ್ಮಪ್ಪ ಮಂದಿ ಹಾಡೂ ಮುಂದ ಕೇಳ್ತಿದ್ರು. ಈ ತಮ್ಮ ಕೇಳಲೇ ಇಲ್ರಿ.’

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಕೆ ಹೇಳಿದ್ದು ಪೂರ್ತಿ ನಿಜ. ಶಿಷ್ಯ ಹಾಡುವ ದೃಶ್ಯದಲ್ಲಿ ನಮ್ಮ ನಟ ತನ್ನ ಮುಂದಿನ ಮಾತಿಗಾಗಿ ಕಾಯುತ್ತಿದ್ದ. ನಡುವೆ ಒಂದು ಸಲ ಕೆಮ್ಮಿದ, ಶಾಲು ಸರಿಮಾಡಿಕೊಂಡ. ಪಾತ್ರದ ಗುರುತುಗಳೆಲ್ಲ ಇದ್ದವು. ಮನುಷ್ಯ ಮಾತ್ರ ಅಲ್ಲಿರಲಿಲ್ಲ. ತಪ್ಪು ಆ ಹುಡುಗನದಲ್ಲ. ಕೇಳುವುದನ್ನು ನಾನು ಅವನಿಗೆ ಕಲಿಸಿರಲಿಲ್ಲ.

ಅಲ್ಲಿಂದ ಇಲ್ಲಿಯವರೆಗೆ ನನ್ನ ಪರೀಕ್ಷೆ ಇದೊಂದೇ. ಪ್ರಸಿದ್ಧ ಭಾಷಣದ ದೃಶ್ಯದಲ್ಲಿ ನಟನನ್ನು ಅಳೆಯಬೇಡಿ. ಅದಕ್ಕೆ ಮಾದರಿ ಇರುತ್ತದೆ. ನೂರು ಸಲ ನೋಡಿ ಕಲಿಯಬಹುದು. ಎದುರಿಗಿದ್ದವರು ಮಾತಾಡುವಾಗ ನೋಡಿ. ಒಬ್ಬನೇ ಇರುವಾಗ ನೋಡಿ. ಅಲ್ಲಿ ಯಾರೂ ಕ್ಯಾಮೆರಾ ಇಟ್ಟಿರಲಿಲ್ಲ, ನಕಲು ಮಾಡಲು ಏನೂ ಇಲ್ಲ. ಅಲ್ಲಿರುವುದೆಲ್ಲ ನಟನ ಸ್ವಂತ ಗಳಿಕೆ.

ಮರ್ಫಿಯ ಓಪನ್‌ಹೈಮರ್ ಪಾತ್ರವನ್ನೇ ತೆಗೆದುಕೊಳ್ಳಿ. ಟೋಪಿ, ಪೈಪು, ತೆಳ್ಳಗಿನ ಮೈ, ಇವು ಫೋಟೋದಲ್ಲಿವೆ. ಹಿರೋಷಿಮಾದ ಮೇಲೆ ಬಾಂಬು ಬಿದ್ದ ಸುದ್ದಿ ಬಂದ ಮೇಲೆ ಆತ ತನ್ನ ಜನರ ಮುಂದೆ ಮಾತಾಡಲು ಹೋಗುತ್ತಾನೆ. ಜನ ಕಾಲು ಬಡಿದು ಕೂಗುತ್ತಾರೆ. ಬಾಯಿ ಗೆದ್ದವರ ಮಾತು ಆಡುತ್ತಿದೆ. ಕಣ್ಣು ಮಾತ್ರ ಬೇರೇನನ್ನೋ ಕೇಳಿಸಿಕೊಳ್ಳುತ್ತಿದೆ. ಒಂದೇ ಮುಖದಲ್ಲಿ ಎರಡು ಕೆಲಸ. ಅದು ಯಾವ ಫೋಟೋದಿಂದಲೂ ಬರುವುದಿಲ್ಲ.

ಈಗ ಅಪ್ಪನಿಗೆ ಒಂದು ಪ್ರಶ್ನೆ ಕೇಳಿ ನೋಡಿ. ಕಂಪನಿ ನಾಟಕದ ನಟ ಏಣಗಿ ಬಾಳಪ್ಪನವರ ಬಸವಣ್ಣನ ಪಾತ್ರದ ಬಗ್ಗೆ ಅವರು ಕೇಳಿಯೇ ಇರುತ್ತಾರೆ, ನೋಡಿದ್ದರೂ ಇರಬಹುದು. ನಮ್ಮ ತಂದೆ ಆ ಪಾತ್ರದ ಮಾತು ಬಂದರೆ ಸಾಕು, ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿದ್ದರು. ಬಸವಣ್ಣ ಹನ್ನೆರಡನೇ ಶತಮಾನದವರು. ಅವರ ನಡಿಗೆ ನೋಡಿದವರು ಯಾರಿದ್ದಾರೆ? ಧ್ವನಿ ಕೇಳಿದವರು ಯಾರಿದ್ದಾರೆ? ಹಾಗಿದ್ದರೆ ಬಾಳಪ್ಪನವರು ಯಾರ ನಕಲು ಮಾಡಿದರು? ಅವರ ಕೈಯಲ್ಲಿ ಇದ್ದದ್ದು ವಚನಗಳು, ಮತ್ತು ಊರೂರಿನ ಜನರ ಮನಸ್ಸಿನಲ್ಲಿದ್ದ ಬಸವಣ್ಣ, ಎರಡೇ. ಅಷ್ಟರಿಂದ ಒಬ್ಬ ಮನುಷ್ಯನನ್ನು ಕಟ್ಟಿ ನಿಲ್ಲಿಸಿದರು. ಅಪ್ಪ ಅದನ್ನು ನಟನೆ ಎಂದು ಒಪ್ಪಿದರೆ, ಪರದೇಶದ ಈ ನಟರ ಕೆಲಸವನ್ನೂ ಅದೇ ಕಣ್ಣಿನಿಂದ ನೋಡಬೇಕಾಗುತ್ತದೆ.

ಅಬ್ರಹಾಂ ಲಿಂಕನ್ ವಿಷಯವೂ ಹೀಗೇ. ಆತ ತೀರಿಕೊಂಡದ್ದು 1865ರಲ್ಲಿ. ಎಡಿಸನ್ ಫೋನೋಗ್ರಾಫ್ ಮಾಡಿದ್ದು 1877ರಲ್ಲಿ. ಲಿಂಕನ್ ಧ್ವನಿ ಎಲ್ಲೂ ಉಳಿದಿಲ್ಲ. ಅಷ್ಟು ಎತ್ತರದ ದೊಡ್ಡ ಮನುಷ್ಯ, ಧ್ವನಿಯೂ ಗಂಭೀರವಾಗಿ ಇದ್ದಿರಬೇಕು ಎಂದು ಜನ ಅಂದುಕೊಂಡಿದ್ದರು. ಆದರೆ ಆತನನ್ನು ಕೇಳಿದವರು ಬರೆದಿಟ್ಟದ್ದು ಬೇರೆ. ಅದು ಸಣ್ಣ, ಎತ್ತರದ ಸ್ವರದ ಧ್ವನಿಯಂತೆ. ಡೇನಿಯಲ್ ಡೇ ಲೂಯಿಸ್ 2012ರ ಸಿನಿಮಾದಲ್ಲಿ ಆ ಸಣ್ಣ ಧ್ವನಿಯನ್ನೇ ಹಿಡಿದರು. ಜನ ಒಪ್ಪದಿದ್ದರೆ ಇಡೀ ಸಿನಿಮಾ ಬಿದ್ದುಹೋಗುತ್ತಿತ್ತು. ಅದಕ್ಕೆ ಅವರಿಗೆ ಮೂರನೇ ಸಲ ಶ್ರೇಷ್ಠ ನಟ ಆಸ್ಕರ್ ಬಂತು. ಆವರೆಗೆ ಯಾವ ನಟನಿಗೂ ಆ ಪ್ರಶಸ್ತಿ ಮೂರು ಸಲ ಬಂದಿರಲಿಲ್ಲ. ಆ ಸಿನಿಮಾದಲ್ಲಿ ಆತ ಕಥೆ ಹೇಳಲು ಶುರುಮಾಡಿದಾಗ ಸುತ್ತಲಿನವರ ಮುಖವನ್ನು ಹೇಗೆ ಓದುತ್ತಾರೆ, ಅದನ್ನು ನೋಡಿ. ನಮ್ಮ ಊರ ಕಟ್ಟೆಯ ಮೇಲೆ ಕೂತ ಹಿರಿಯರ ಹಾಗೆಯೇ ಇದೆ.

ನಮ್ಮ ಭಾಗದ ಸಂತರ ಕಥೆಯೂ ಇದೇ. ಶಿಶುವಿನಹಾಳ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನ ಊರು. ಷರೀಫರು 1819ರಿಂದ 1889ರವರೆಗೆ ಬದುಕಿದ್ದವರು. ಅವರ ಬದುಕಿನ ಮೇಲೆ ಟಿ.ಎಸ್. ನಾಗಾಭರಣ ಸಿನಿಮಾ ಮಾಡಿದರು. ಷರೀಫರಾಗಿ ಶ್ರೀಧರ್, ಗುರು ಗೋವಿಂದ ಭಟ್ಟರಾಗಿ ಗಿರೀಶ್ ಕಾರ್ನಾಡ್. ಆ ಸಿನಿಮಾಕ್ಕೆ ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿ ಬಂತು. ಇಂಥ ಪಾತ್ರಕ್ಕೆ ಮುಖದ ಹೋಲಿಕೆಯ ಕಷ್ಟ ಇಲ್ಲ. ಅದಕ್ಕಿಂತ ದೊಡ್ಡ ಕಷ್ಟ ಇದೆ. ನಮ್ಮಲ್ಲಿ ಪ್ರತಿಯೊಬ್ಬರ ಮನೆಯಲ್ಲೂ ಒಬ್ಬ ಷರೀಫ ಇದ್ದಾನೆ. ಭಜನೆಯಲ್ಲಿ ಕೇಳಿದ, ಅಜ್ಜ ಹಾಡಿದ ಷರೀಫ. ಆ ಸಾವಿರ ಷರೀಫರ ಮುಂದೆ ನಟ ಒಬ್ಬನೇ ನಿಲ್ಲಬೇಕು. ಶ್ರೀಧರ್ ಭರತನಾಟ್ಯ ಕಲಿತವರು. ಆ ಮೈಗೆ ತಿದ್ದಿದ ಚೆಲುವು ಇದೆ. ಅದನ್ನು ತೋರಿಸದೆ ಹಳ್ಳಿಯ ಫಕೀರನ ಹಾಗೆ ಕೂರುವುದು ಸುಲಭ ಅಲ್ಲ. ನನಗೆ ಅವರಿಗಿಂತ ಹತ್ತಿರವಾದದ್ದು ಕಾರ್ನಾಡರ ಗೋವಿಂದ ಭಟ್ಟರು. ಗುರು ತಾನು ಹಾಡುವುದಕ್ಕಿಂತ ಶಿಷ್ಯನನ್ನು ಕೇಳುವುದರಲ್ಲಿ ಇದ್ದಾರೆ. ಕಾರ್ನಾಡರು ಧಾರವಾಡದಲ್ಲಿ ಬೆಳೆದವರು. ಇಲ್ಲಿಯ ಮಾತಿನ ಓಟ ಅವರ ಬಾಯಲ್ಲಿ ಎರವಲು ಅನ್ನಿಸುವುದಿಲ್ಲ.

ಮಾತು ಬಂತು ಅಂತ ಇದನ್ನೂ ಹೇಳಿಬಿಡುತ್ತೇನೆ, ಬಹಳ ದಿನದ ಸಂಕಟ. ‘ರಿ’ ಹಚ್ಚಿದ ಮಾತ್ರಕ್ಕೆ ಧಾರವಾಡದ ಕನ್ನಡ ಆಗುವುದಿಲ್ಲ. ಜೋರಾಗಿ ಒದರಿದರೆ ಹುಬ್ಬಳ್ಳಿಯದ್ದೂ ಆಗುವುದಿಲ್ಲ. ಹಾನಗಲ್ಲಿನ ಮಾತು ಬೇರೆ, ರೋಣದ ಮಾತು ಬೇರೆ. ಸಾಲಿನ ಕೊನೆಯಲ್ಲಿ ಧ್ವನಿ ಎಲ್ಲಿ ಇಳಿಯುತ್ತದೆ, ಎಲ್ಲಿ ತಡೆದು ನಿಲ್ಲುತ್ತದೆ, ಜೀವ ಇರುವುದು ಅಲ್ಲಿ. ನಟ ಅದನ್ನು ಹಿಡಿಯದಿದ್ದರೆ ಬಾಕಿ ಎಲ್ಲ ಸರಿಯಿದ್ದರೂ ನಮ್ಮ ಕಿವಿ ಒಪ್ಪುವುದಿಲ್ಲ.

ಇನ್ನು ಕೈಗಳ ವಿಷಯ. ಕಸುಬು ಇರುವ ಪಾತ್ರ ಆಗಿದ್ದರೆ ಮುಖ ಬಿಟ್ಟು ಕೈ ನೋಡಿ. ರಿಚರ್ಡ್ ಅಟೆನ್‌ಬರೊ ಅವರ ‘ಗಾಂಧಿ’ ಬಂದಾಗ ನಾನು ಇನ್ನೂ ಹುಡುಗ. ನಮ್ಮ ಸೋದರತ್ತೆಯ ಜೊತೆ ಹುಬ್ಬಳ್ಳಿಗೆ ಹೋಗಿ ನೋಡಿದೆ. ಧಾರವಾಡದ ಹತ್ತಿರದ ಗರಗ ಅವರ ಊರು. ರಾಷ್ಟ್ರಧ್ವಜಕ್ಕೆ ಖಾದಿ ಬಟ್ಟೆ ಮಾಡುವ ಊರು. ಅತ್ತೆ ಅಲ್ಲಿ ವರ್ಷಗಟ್ಟಲೆ ನೂತವರು. ಭಾಷೆ ಅವರಿಗೆ ಅರ್ಧ ಅರ್ಥವಾಗಿರಬೇಕು. ಚರಕದ ದೃಶ್ಯ ಬಂದಾಗ ಮಾತ್ರ ಮುಂದಕ್ಕೆ ಬಗ್ಗಿ ಕೂತರು. ಬೆನ್ ಕಿಂಗ್ಸ್‌ಲೆ ನೂಲುತ್ತಾ ಎದುರಿನವರ ಜೊತೆ ಮಾತಾಡುತ್ತಿದ್ದಾರೆ. ಅತ್ತೆ ನನ್ನ ಮೊಣಕೈ ಹಿಡಿದು ಹೇಳಿದರು: ‘ಇಂವಾ ಎಳಿ ನೋಡಾಕತ್ತಿಲ್ಲ ನೋಡು, ಮಂದಿ ಮಾರಿ ನೋಡಾಕತ್ತಾನ. ಕೈಗೆ ರೂಢಿ ಐತಿ.’ ಪಾತ್ರಕ್ಕಾಗಿ ಕಿಂಗ್ಸ್‌ಲೆ ಮಾತಾಡುತ್ತಲೇ ನೂಲುವುದನ್ನು ಕಲಿತಿದ್ದರು ಎಂದು ನಾನು ಓದಿದ್ದು ಬಹಳ ವರ್ಷಗಳ ನಂತರ. ಅತ್ತೆಗೆ ಓದುವ ಅಗತ್ಯವೇ ಇರಲಿಲ್ಲ. ಆ ಸಿನಿಮಾಕ್ಕೆ 1983ರಲ್ಲಿ ಎಂಟು ಆಸ್ಕರ್ ಬಂದವು, ಕಿಂಗ್ಸ್‌ಲೆ ಅವರದ್ದೂ ಅದರಲ್ಲೊಂದು. ಉಡುಪಿನ ವಿನ್ಯಾಸಕ್ಕೆ ಭಾನು ಅಥೈಯಾ ಅವರಿಗೂ ಬಂತು. ಆಸ್ಕರ್ ಗೆದ್ದ ಮೊದಲ ಭಾರತೀಯರು ಅವರು. ನನ್ನ ಮಟ್ಟಿಗೆ ಆ ವರ್ಷದ ದೊಡ್ಡ ತೀರ್ಪು ಗರಗದ ಅತ್ತೆಯದ್ದು.

ಕಾಯಿಲೆ ಇರುವ ಪಾತ್ರಗಳಿಗೆ ಪ್ರಶಸ್ತಿ ಸುಲಭವಾಗಿ ಬರುತ್ತದೆ ಎಂಬ ದೂರು ಇದೆ. ಸ್ವಲ್ಪ ನಿಜ. ಆದರೆ ರೆಡ್‌ಮೇನ್ ಮಾಡಿದ ಕೆಲಸವನ್ನು ಹತ್ತಿರದಿಂದ ನೋಡಿ. ಸಿನಿಮಾ ಚಿತ್ರೀಕರಣ ಕಥೆಯ ಕ್ರಮದಲ್ಲಿ ನಡೆಯುವುದಿಲ್ಲ. ಬೆಳಗ್ಗೆ ನಡೆದಾಡುವ ಹಾಕಿಂಗ್, ಮಧ್ಯಾಹ್ನ ಕುರ್ಚಿಯಲ್ಲಿರುವ ಹಾಕಿಂಗ್. ಯಾವ ದೃಶ್ಯದ ಹೊತ್ತಿಗೆ ಯಾವ ಸ್ನಾಯು ಸೋತಿದೆ ಎಂದು ಅವರು ಪಟ್ಟಿ ಮಾಡಿ ಇಟ್ಟುಕೊಂಡಿದ್ದರು. ಆ ಕಾಯಿಲೆ ಇದ್ದವರನ್ನು, ಅವರ ಮನೆಯವರನ್ನು ಭೇಟಿ ಮಾಡಿದ್ದರು. ಕೊನೆಕೊನೆಗೆ ಅವರ ಬಳಿ ಉಳಿಯುವುದು ಕಣ್ಣು, ಹುಬ್ಬು, ತುಟಿಯ ಒಂದು ತುದಿ, ಅಷ್ಟೇ. ಅಷ್ಟರಲ್ಲೇ ತುಂಟತನ ತರುತ್ತಾರೆ. ಸಿನಿಮಾ ನೋಡಿದ ಹಾಕಿಂಗ್ ತಮ್ಮ ಯಂತ್ರದ ಧ್ವನಿಯನ್ನೇ ಬಳಸಲು ಕೊಟ್ಟರು. ನಟನಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ?

ಧ್ವನಿ ಅಂದ ಕೂಡಲೇ ಹಾಡುಗಾರರ ಪಾತ್ರ ನೆನಪಾಗುತ್ತದೆ. ನಿಮ್ಮ ಪಾತ್ರಕ್ಕೂ ಇದು ಬೇಕಾದ ವಿಷಯ. ರೇ ಚಾರ್ಲ್ಸ್ ಆಗಿ ಜೇಮಿ ಫಾಕ್ಸ್ ಆಸ್ಕರ್ ಗೆದ್ದರು. ಪಿಯಾನೊ ಅವರೇ ನುಡಿಸಿದರು, ಹಾಡಿನ ಧ್ವನಿ ಬಹುಪಾಲು ರೇ ಅವರದ್ದೇ. ಮಲೆಕ್ ಸಿನಿಮಾದಲ್ಲಿ ಫ್ರೆಡ್ಡಿಯ ಮೂಲ ಧ್ವನಿಯ ಜೊತೆ ಬೇರೆ ಗಾಯಕನ ಧ್ವನಿಯನ್ನೂ ಬೆರೆಸಿದ್ದರು. ಬಾಬ್ ಡಿಲನ್ ಆಗಿ ಟಿಮೊಥಿ ಶಾಲಮೆ ತಾವೇ ಹಾಡಿದರು, ತಾವೇ ಗಿಟಾರ್ ನುಡಿಸಿದರು. 2025ರಲ್ಲಿ ಆಸ್ಕರ್ ಅವರಿಗೆ ಬರಲಿಲ್ಲ, ಕಟ್ಟುಕಥೆಯ ಪಾತ್ರ ಮಾಡಿದ ಏಡ್ರಿಯನ್ ಬ್ರೋಡಿಗೆ ಹೋಯಿತು. ತಾನೇ ಹಾಡಿದರೆ ಒಳ್ಳೆಯ ನಟ, ಬೇರೆಯವರ ಧ್ವನಿಗೆ ತುಟಿ ಆಡಿಸಿದರೆ ಕಡಿಮೆ ಎಂದು ನಾನು ಹೇಳುವುದಿಲ್ಲ. ಹಾಡು ಬರುವ ಮೊದಲಿನ ಉಸಿರು ನಟನದ್ದೇ ಆಗಿರಬೇಕು. ಗಂಗೂಬಾಯಿ ಹಾನಗಲ್ ಅವರ ಪಾತ್ರವನ್ನು ನಾಳೆ ಯಾರಾದರೂ ಮಾಡಿದರು ಅಂತ ಇಟ್ಟುಕೊಳ್ಳಿ. ಗಂಟಲಿನ ಚಿಕಿತ್ಸೆಯ ನಂತರ ಬಂದ ಆ ಗಡಸು ಧ್ವನಿ ಯಾರಿಂದ ಆದೀತು? ಧ್ವನಿಮುದ್ರಿಕೆ ಹಾಕಲೇಬೇಕು. ಆದರೆ ಬದಲಾದ ತನ್ನ ಧ್ವನಿಯನ್ನು ತಾನೇ ಕೇಳಿದ ಆ ಕ್ಷಣವನ್ನು ನಟಿಯೇ ಮಾಡಬೇಕು. ಹುಬ್ಬಳ್ಳಿಯ ಆ ತಾಯಿಯ ಸಿನಿಮಾ ಆಗಲಿ ಎಂಬುದು ನನ್ನ ಬಹಳ ದಿನದ ಆಸೆ.

ಮುಖವೇ ಗೊತ್ತಿಲ್ಲದವರ ಪಾತ್ರಗಳು ನನಗೆ ಇನ್ನೂ ಇಷ್ಟ. ಓಟಗಾರ ಪಾನ್ ಸಿಂಗ್ ತೋಮರ್ ಆಗಿ ಇರ್ಫಾನ್ ಖಾನ್ ಮಾಡಿದಾಗ ನೋಡುವವರಲ್ಲಿ ಎಷ್ಟು ಜನರಿಗೆ ತೋಮರ್ ಮುಖ ಗೊತ್ತಿತ್ತು? ಹೋಲಿಕೆಗೆ ಅಂಕ ಸಿಗುವ ಮಾತೇ ಇರಲಿಲ್ಲ. 60ನೇ ರಾಷ್ಟ್ರ ಪ್ರಶಸ್ತಿ ಬಂದದ್ದು ಪೂರ್ತಿ ನಟನೆಗೆ.

ನಮ್ಮವರೇ ಆದ ಸಂಚಾರಿ ವಿಜಯ್ ಅವರದ್ದೂ ಅಂಥ ಗೆಲುವು. ‘ನಾನು ಅವನಲ್ಲ ಅವಳು’ ಸಿನಿಮಾಕ್ಕೆ ಅವರಿಗೆ 62ನೇ ರಾಷ್ಟ್ರ ಪ್ರಶಸ್ತಿ ಬಂತು. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿದ ಸಿನಿಮಾ, ಬಿ.ಎಸ್. ಲಿಂಗದೇವರು ಅವರ ನಿರ್ದೇಶನ. ಅದಕ್ಕೆ ಮೇಕಪ್ ಪ್ರಶಸ್ತಿಯೂ ಬೇರೆ ಬಂತು, ಅಪ್ಪನಿಗೆ ಇದನ್ನೂ ತಿಳಿಸಿ. ಸಿನಿಮಾಗಳು ಲಿಂಗತ್ವ ಅಲ್ಪಸಂಖ್ಯಾತರನ್ನು ವರ್ಷಗಟ್ಟಲೆ ಹೇಗೆ ತೋರಿಸಿವೆ ಎಂದು ನಿಮಗೂ ಗೊತ್ತು. ಚಪ್ಪಾಳೆ, ಸೊಂಟ, ಜನರ ನಗು. ವಿಜಯ್ ಆ ದಾರಿ ತುಳಿಯಲೇ ಇಲ್ಲ. ಬೇರೆಯವರು ತನ್ನನ್ನು ನೋಡುತ್ತಿದ್ದಾರೆ ಎಂದು ಗೊತ್ತಿರುವ ಮೈ ಹೇಗೆ ಮುದುಡುತ್ತದೆ, ಒಪ್ಪಿಕೊಳ್ಳುವವರ ನಡುವೆ ಹೇಗೆ ಬಿಚ್ಚಿಕೊಳ್ಳುತ್ತದೆ, ಅದನ್ನು ಮಾಡಿದರು. ರಂಗಭೂಮಿಯಿಂದ ಬಂದ ನಟ. 2021ರಲ್ಲಿ ಅಪಘಾತದಲ್ಲಿ ಹೋಗಿಬಿಟ್ಟರು. ವಯಸ್ಸು ಬರೀ 37. ಅವರ ಬಗ್ಗೆ ಬರೆಯುವಾಗ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಇನ್ನೂ ಎಷ್ಟು ಪಾತ್ರ ಬಾಕಿ ಇದ್ದವು.

ಪ್ರಶಸ್ತಿ ತಪ್ಪಿದ್ದನ್ನೂ ಮರೆಯಬೇಡಿ. ಅಮೆರಿಕದ ಕಪ್ಪು ಜನರ ನಾಯಕ ಮಾಲ್ಕಂ ಎಕ್ಸ್ ಆಗಿ ಡೆನ್ಜೆಲ್ ವಾಷಿಂಗ್ಟನ್ ಮಾಡಿದ್ದಕ್ಕೆ ಆಸ್ಕರ್ ಬರಲಿಲ್ಲ. ಹಾವೇರಿ ಜಿಲ್ಲೆಯ ಬಾಡದಲ್ಲಿ ಹುಟ್ಟಿದ ಕನಕದಾಸರ ಪಾತ್ರವನ್ನು 1960ರಲ್ಲಿ ರಾಜ್‌ಕುಮಾರ್ ಮಾಡಿದಾಗ ನಟನೆಗೆ ರಾಷ್ಟ್ರ ಪ್ರಶಸ್ತಿ ಕೊಡುವ ಪದ್ಧತಿಯೇ ಇರಲಿಲ್ಲ. ಅದು ಶುರುವಾದದ್ದು 1967ರ ಸಿನಿಮಾಗಳಿಂದ. ಕಾಗಿನೆಲೆ ಕಡೆಯ ಎಷ್ಟೋ ಮನೆಗಳಲ್ಲಿ ಕನಕದಾಸರು ಅಂದರೆ ಕಣ್ಣ ಮುಂದೆ ಬರುವುದು ಇವತ್ತಿಗೂ ಅದೇ ಮುಖ.

ಈಗ ನಿಮ್ಮ ಪಾತ್ರಕ್ಕೆ ಬರೋಣ. ಪಂಚಾಕ್ಷರ ಗವಾಯಿಗಳು 1892ರಲ್ಲಿ ಹಾನಗಲ್ ತಾಲೂಕಿನಲ್ಲಿ ಹುಟ್ಟಿದರು. ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಹಾನಗಲ್ ಕುಮಾರಸ್ವಾಮಿಗಳ ಆಸರೆಯಲ್ಲಿ ಸಂಗೀತ ಕಲಿತರು. ನಿಮ್ಮ ಊರಿನ ವೀರೇಶ್ವರ ಪುಣ್ಯಾಶ್ರಮ ಅವರು ಕಟ್ಟಿದ್ದು. 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು ಅದನ್ನು ಬೆಳೆಸಿದರು. ಆಶ್ರಮ ನಾಟಕ ಕಂಪನಿಯನ್ನೂ ನಡೆಸಿತ್ತು, ಅಪ್ಪನಿಗೆ ಗೊತ್ತಿರುತ್ತದೆ. ಗವಾಯಿಗಳ ಮೇಲೆ 1995ರಲ್ಲಿ ಸಿನಿಮಾ ಬಂದಿದೆ. ಅದಕ್ಕೆ ಬಂದ ರಾಷ್ಟ್ರ ಪ್ರಶಸ್ತಿಗಳು ಎರಡೂ ಕಿವಿಗೆ ಸಂಬಂಧಿಸಿದವು. ಸಂಗೀತಕ್ಕೆ ಹಂಸಲೇಖ, ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ.

ಹಾಗಾಗಿ ನಿಮಗೆ ಹಾಡಲು ಬರದಿದ್ದರೆ ಚಿಂತೆ ಬೇಡ. ಪರದೆಯ ಹಿಂದೆ ಒಬ್ಬ ಒಳ್ಳೆಯ ಹಾಡುಗಾರನನ್ನು ಕೂರಿಸಿ. ಆದರೆ ತಂಬೂರಿ ಶ್ರುತಿ ಮಾಡುವುದನ್ನು ನೀವೇ ಕಲಿಯಿರಿ. ಅದು ಸುಳ್ಳಾದರೆ ಗದಗಿನ ಜನಕ್ಕೆ ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ.

ಕುರುಡುತನವನ್ನು ‘ಮಾಡಲು’ ಹೋಗಬೇಡಿ. ಕೈ ಮುಂದೆ ಚಾಚಿ ತಡಕಾಡುವುದು, ರೆಪ್ಪೆ ಪಟಪಟ ಬಡಿಯುವುದು, ಇವೆಲ್ಲ ಕಣ್ಣಿರುವವರ ಕಲ್ಪನೆ. ತನ್ನ ಕೋಣೆಯಲ್ಲಿ ಕೂತ ಅಂಥ ಗುರುವಿನ ಕೈ ತಂಬೂರಿಗೆ ನೇರವಾಗಿ ಹೋಗುತ್ತದೆ. ಯಾರಾದರೂ ಬಂದರೆ ಮುಖಕ್ಕಿಂತ ಮೊದಲು ಕಿವಿ ಆ ಕಡೆ ತಿರುಗುತ್ತದೆ. ಆಶ್ರಮಕ್ಕೆ ಹೋಗಿ. ಯಾಕೆ ಬಂದಿದ್ದೀರಿ ಎಂದು ಅಲ್ಲಿಯ ಹಿರಿಯರಿಗೆ ಮೊದಲೇ ಹೇಳಿ, ಒಪ್ಪಿಗೆ ಕೇಳಿ. ಅಲ್ಲಿನ ಹುಡುಗರನ್ನು ದಿಟ್ಟಿಸಿ ನೋಡಲು ಹೋಗಬೇಡಿ, ಅದು ಅವರಿಗೆ ಮಾಡುವ ಅವಮಾನ. ಕೇಳಲು ಹೋಗಿ. ಪಾಠದ ಹೊತ್ತಿಗೆ ಒಂದು ಮೂಲೆಯಲ್ಲಿ ಸುಮ್ನೆ ಕೂತುಕೊಳ್ಳಿ. ಶಿಷ್ಯನ ಸ್ವರ ಸ್ವಲ್ಪ ಜಾರಿದಾಗ ಗುರು ಏನು ಮಾಡುತ್ತಾರೆ? ಬಯ್ಯುತ್ತಾರಾ, ತಾಳ ನಿಲ್ಲಿಸುತ್ತಾರಾ, ತಾವೇ ಆ ಸ್ವರ ಹಾಡುತ್ತಾರಾ? ಅದನ್ನು ಗಮನಿಸಿ.

ಮನೆಯಲ್ಲೂ ಒಂದು ತಾಲೀಮು ಇದೆ, ಅದಕ್ಕೆ ಅಪ್ಪ ಬೇಕು. ಅವರಿಗೆ ಹಳೇ ರಂಗಗೀತೆಗಳು ಬರುತ್ತವೆ ಅಲ್ವಾ? ಊಟ ಆದ ಮೇಲೆ ಎದುರಿಗೆ ಕೂತು ಒಂದು ಹಾಡಲಿ. ಹಾಡುತ್ತಾ ಎಲ್ಲಾದರೂ ಒಂದು ಕಡೆ ಬೇಕಂತಲೇ ಸ್ವರ ತಪ್ಪಿಸಲಿ. ನೀವು ಮಾತಾಡಬಾರದು, ಕೈ ಎತ್ತಬಾರದು, ಸುಮ್ಮನೆ ಕೇಳಬೇಕು. ಹಾಡು ಮುಗಿದ ಮೇಲೆ ಅಪ್ಪ ಹೇಳಲಿ, ನಿಮ್ಮ ಮುಖ ನೋಡಿದರೆ ತಪ್ಪಿದ ಜಾಗ ಗೊತ್ತಾಯಿತಾ ಇಲ್ಲವಾ ಎಂದು. ಗೊತ್ತಾಯಿತು ಎಂದು ಅವರು ಹೇಳುವ ದಿನದವರೆಗೆ ಶಾಲು ಹೊದೆಯಬೇಡಿ.